ಬೇರೊಂದೂರಿನ ಬಾಗಿಲು

ಹೈದರಾಬಾದಿಗೆ ಭಾಷಾಂತರದ ಕಸುಬು ಹೊಸತೇನಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಆರಂಭವಾಗುವ ಮುನ್ನವೇ ಉರ್ದು ಪಠ್ಯಗಳಿಗಾಗಿ ಅಲ್ಲಿ ಅನುವಾದ ಸಂಸ್ಥೆಯೊಂದು ಹುಟ್ಟಿತ್ತು. 1990ರ ದಶಕದಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ‘ಅನುಸಾರಕ’ದ ಕೆಲಸ ನಡೆಯಿತು. ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತ ಈ ತಂತ್ರಾಂಶ, ಕನ್ನಡ ವಾಕ್ಯವನ್ನು ಹಿಂದಿ ಬಲ್ಲವರು ತುಸು ಶ್ರಮಪಟ್ಟರೆ ಗ್ರಹಿಸುವಂತೆ ಬಿಡಿಸಿಡುತ್ತಿತ್ತು. ಜಿ.ಪಿ.ಎಲ್. ಪರವಾನಗಿಯಡಿ ಅದನ್ನು ಎಲ್ಲರಿಗೂ ಮುಕ್ತವಾಗಿ ಕೊಡಲಾಯಿತು.

ಆದರೆ ಮುಕ್ತವಾದುದೆಲ್ಲವೂ ಕೈಗೆಟುಕುವುದೆ? ಇಂಥದೇ ಒಂದು ಕನ್ನಡ ತಂತ್ರಾಂಶವನ್ನು ಹೈದರಾಬಾದಿನ ತರುಣನೊಬ್ಬ ತನ್ನ ಲಿನಕ್ಸ್ ಗಣಕದಲ್ಲಿ ರಚಿಸಿದನೆನ್ನಿ. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಬೀದರಿನಲ್ಲಿ ಅದನ್ನು ಬಯಸುವ ಅಧ್ಯಾಪಕಿಯ ಬಳಿ ಇರುವುದು ವಿಂಡೋಸ್. ಮೂಲಸಂಕೇತವೆಲ್ಲ ಬಹಿರಂಗವಾಗಿದ್ದರೂ ಆಕೆಗೆ ಅದು ಬೀಗ ಜಡಿದ ಮನೆಯೇ. ಆಕೆಗೆ ಬೇಕಾದದ್ದು ಒತ್ತಿದೊಡನೆ ತಾನೇ ನೆಲೆಗೊಳ್ಳುವ ಒಂದು ಇನ್‌ಸ್ಟಾಲರ್. ತರುಣನ ಬಳಿಯಾದರೋ ವಿಂಡೋಸ್ ಇಲ್ಲ.

ಒಂದೂರಿನಲ್ಲಿ ಕುಳಿತು ಇನ್ನೊಂದೂರಿನ ಮನೆಗೆ ಬಾಗಿಲು ಕೆತ್ತುವ ಬಡಗಿಯ ಪಾಡು ಅವನದು. ಅಳತೆ ಸರಿಯಿದ್ದರೆ ಸಾಕು, ಮನೆ ಎದುರಿಗಿರಬೇಕಿಲ್ಲ. ಮಿನ್‌ಜಿಡಬ್ಲ್ಯೂ ಎಂಬ ಕಂಪೈಲರ್ ಲಿನಕ್ಸ್‌ನಲ್ಲಿದ್ದುಕೊಂಡೇ ವಿಂಡೋಸ್‌ಗೆ ತಕ್ಕ ಕಡತವನ್ನು ಹೆಣೆಯುತ್ತದೆ. ಎನ್‌ಎಸ್‌ಐಎಸ್ ಅದನ್ನು ಇನ್‌ಸ್ಟಾಲರ್ ಆಗಿ ಕಟ್ಟುತ್ತದೆ. ಆದರೂ ಎಡವುವ ಸ್ಥಳಗಳಿಗೆ ಬರವಿಲ್ಲ. ಜೊತೆಗಿಡಬೇಕಾದ ಒಂದು ಡಿಎಲ್‌ಎಲ್ ಕಡತವನ್ನು ಮರೆತರೆ, ಬೀದರಿನ ಪರದೆಯ ಮೇಲೆ ಕಾಣುವುದು ದೋಷದ ಸೂಚನೆಯೊಂದೇ. 2016ರಲ್ಲಿ ಮೂರನೆಯ ಆವೃತ್ತಿ ಬರುವವರೆಗೆ ಅಧಿಕೃತ ಎನ್‌ಎಸ್‌ಐಎಸ್‌ಗೆ ಯೂನಿಕೋಡ್ ತಿಳಿಯದು. ವಿಂಡೋಸ್‌ನ ಹಳೆಯ ಸಂಕೇತಪಟ್ಟಿಗಳಲ್ಲಿಯೂ ಕನ್ನಡಕ್ಕೆ ಸ್ಥಾನವಿರಲಿಲ್ಲ. ಕನ್ನಡದ ತಂತ್ರಾಂಶ ತನ್ನ ಹೊಸ್ತಿಲಲ್ಲಿ ಕನ್ನಡ ಮಾತಾಡಲಾರದೆ ನಿಂತ ಕಾಲವದು!

ಇವೆಲ್ಲವನ್ನೂ ಗೆದ್ದ ತರುಣ ನಾಳೆ ಬೇರೆ ಉದ್ಯೋಗಕ್ಕೆ ಹೋದರೆ? ಅವನ ಗಣಕದಲ್ಲಿ ಯಾವ ಕಂಪೈಲರ್ ಇತ್ತು, ಯಾವ ಆವೃತ್ತಿಯ ಗ್ರಂಥಾಲಯಗಳಿದ್ದವು ಎಂಬುದು ಅವನೊಂದಿಗೇ ಹೊರಟುಹೋಗುತ್ತದೆ. ಕಂಟೇನರಿನ ನಿಜವಾದ ಉಪಕಾರ ಕಾಣುವುದು ಇಲ್ಲಿ. 2013ರಲ್ಲಿ ಬಂದ ಡಾಕರ್ ಈ ಪದ್ಧತಿಯನ್ನು ಬಳಕೆಗೆ ತಂದಿತು. ಕಾರ್ಯಾಗಾರದ ಸಲಕರಣೆಗಳೆಲ್ಲವನ್ನೂ ಒಂದು ಸಾದಾ ಪಠ್ಯದ ಕಡತದಲ್ಲಿ ಬರೆದಿಟ್ಟರೆ, ಕಲಬುರಗಿಯಲ್ಲಿರುವವರೂ ಅದೇ ಕಾರ್ಯಾಗಾರವನ್ನು ಎಬ್ಬಿಸಬಹುದು. ಆವೃತ್ತಿಗಳನ್ನು ಖಚಿತವಾಗಿ ನಮೂದಿಸಿರಬೇಕು, ಅಷ್ಟೆ. ‘ಇತ್ತೀಚಿನದು’ ಎಂದು ಬರೆದರೆ ಮುಂದಿನ ವರ್ಷ ಸಿಗುವುದು ಬೇರೆಯೇ ಕಂಪೈಲರ್. ಇದು ಕೇವಲ ಅನುಕೂಲದ ಮಾತೂ ಅಲ್ಲ. 1991ರ ಜಿ.ಪಿ.ಎಲ್. ಎರಡನೆಯ ಆವೃತ್ತಿ, ಕಟ್ಟುವ ಮತ್ತು ಸ್ಥಾಪಿಸುವ ವಿಧಿಗಳನ್ನೂ ಮೂಲಸಂಕೇತದ ಭಾಗವೆಂದೇ ಎಣಿಸುತ್ತದೆ. ಸಿದ್ಧ ಇನ್‌ಸ್ಟಾಲರನ್ನಷ್ಟೇ ಹಂಚಿ ಕಟ್ಟುವ ಬಗೆಯನ್ನು ಬಚ್ಚಿಡುವವರು ಅರ್ಧ ದಾನಿಗಳು.

ಕಟ್ಟಿದ್ದನ್ನು ‘ವೈನ್’ ಮೂಲಕ ಲಿನಕ್ಸ್‌ನಲ್ಲಿಯೇ ಓಡಿಸಿ ನೋಡಬಹುದು, ನಿಜ. ಆದರೆ ಅಲ್ಲಿ ಓಡಿದ್ದು ವಿಂಡೋಸ್‌ನಲ್ಲಿಯೂ ಓಡಿಯೇ ತೀರುವುದೆಂಬ ಭರವಸೆಯಿಲ್ಲ. ಒತ್ತಕ್ಷರ ತನ್ನ ಅಕ್ಷರದಡಿ ಸರಿಯಾಗಿ ಕುಳಿತಿದೆಯೇ ಎಂದು ಕಡೆಗೊಮ್ಮೆ ಕಣ್ಣಾರೆ ನೋಡಿ ಹೇಳಲು ಬೀದರಿನ ಆ ಅಧ್ಯಾಪಕಿಯೇ ಬೇಕು.