ಗೌತಮಪುರದ ಪೆಲೆ

ಹಲಸೂರು ಕೆರೆಗೆ ಹೆಚ್ಚು ದೂರವಿಲ್ಲದ ಗೌತಮಪುರವನ್ನು ಪ್ರವಾಸಿಗಳ ಕೈಪಿಡಿಯಲ್ಲಿ ಹುಡುಕಿದರೆ ಪ್ರಾಯಶಃ ದೊರೆಯದು. ದಂಡು ಪ್ರದೇಶದ ಅನೇಕ ಕೇರಿಗಳಂತೆ ಇದೂ ಇಕ್ಕಟ್ಟಾದ ಬೀದಿಗಳ, ಒತ್ತಾಗಿ ನಿಂತ ಮನೆಗಳ ಒಂದು ಕೇರಿ. ಆದರೆ ಇಲ್ಲಿಗೆ ಬಂದವನು ಒಂದೆಡೆ ನಿಲ್ಲಲೇಬೇಕು. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ—ಈ ಮೂವರು ಪೂಜ್ಯರ ಪ್ರತಿಮೆಗಳೊಡನೆ ನಾಲ್ಕನೆಯ ಪ್ರತಿಮೆಯೊಂದಿದೆ. ಅದು ಬ್ರೆಜಿಲ್ಲಿನ ಕಾಲ್ಚೆಂಡಾಟಗಾರ ಪೆಲೆಯದು. ಈ ಕೇರಿಗೆ ‘ಮಿನಿ ಬ್ರೆಜಿಲ್’ ಎಂಬ ಅಡ್ಡಹೆಸರು ಬಂದುದೂ ಸಹಜವೇ.

ಸಾಗರಗಳಾಚೆಯ ಈ ಒಲವು ಇಲ್ಲಿ ಹೇಗೆ ಬೇರೂರಿತು? 1809ರಲ್ಲಿ ಆಂಗ್ಲರು ದಂಡನ್ನು ಸ್ಥಾಪಿಸಿದರು. ಮುಂದೆ ಅವರ ಸೈನಿಕರೊಡನೆ ಕಾಲ್ಚೆಂಡೂ ಬಂದಿತು. ಸೈನಿಕರ ಆಟವನ್ನು ಮೈದಾನದ ಅಂಚಿನಲ್ಲಿ ನಿಂತು ನೋಡಿದವರು ತಾವೂ ಆಡತೊಡಗಿದರು, ಆಡಿ ಗೆಲ್ಲತೊಡಗಿದರು. ಮುಂಬಯಿಯ ರೋವರ್ಸ್ ಕಪ್ ಬಹುಕಾಲ ಸೇನಾತಂಡಗಳ ಸೊತ್ತಿನಂತಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಅದನ್ನು ಗೆದ್ದಿತಲ್ಲದೆ, ಮರುವರ್ಷವೂ ಬಿಟ್ಟುಕೊಡಲಿಲ್ಲ. ಬೆಂಗಳೂರಿನ ಅಹಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿದರು. ಆ ಭಾರತ ತಂಡದ ಬಹುಮಂದಿ ಬರಿಗಾಲಿನಲ್ಲೇ ಕಣಕ್ಕಿಳಿದಿದ್ದರು. 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿ ನಮ್ಮೂರಿನ ಅರುಮೈನಾಯಗಂ ಇದ್ದರು.

ಇಂಥ ನೆರೆಯಲ್ಲಿ ಬೆಳೆಯುವ ಮಗು ಆಟದ ನಿಯಮಗಳನ್ನರಿತು ಅಭಿಮಾನಿಯಾಗುವುದಿಲ್ಲ. ನಡೆಯಲು ಕಲಿತ ಕೂಸಿನ ಕಾಲಿಗೆ ಅಣ್ಣಂದಿರ ಚೆಂಡು ತಾಗುತ್ತದೆ. ಸೋದರಮಾವನ ಹೆಗಲ ಮೇಲೆ ಕುಳಿತು ಅದು ಪಂದ್ಯ ನೋಡುತ್ತದೆ. ಯಾರಿಗಾಗಿ ಕೂಗಬೇಕೆಂಬುದನ್ನು ಮನೆಯವರು ಮೊದಲೇ ನಿಶ್ಚಯಿಸಿಬಿಟ್ಟಿರುತ್ತಾರೆ. ಮನೆದೇವರಂತೆ ಮನೆಯ ತಂಡವೂ ಒಂದು!

ಆದರೆ ಗೆಲ್ಲುವ ತಂಡವನ್ನೇ ಮಕ್ಕಳು ಮೆಚ್ಚುವರೆಂಬ ಮಾತು ಗೌತಮಪುರದಲ್ಲಿ ನಿಲ್ಲದು. 2002ರಲ್ಲಿ ಐದನೆಯ ಬಾರಿ ವಿಶ್ವಕಪ್ ಗೆದ್ದ ಬ್ರೆಜಿಲ್, 2006ರಿಂದ 2022ರವರೆಗಿನ ಐದು ವಿಶ್ವಕಪ್‌ಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. 2014ರಲ್ಲಂತೂ ತನ್ನ ನೆಲದಲ್ಲೇ ಜರ್ಮನಿಗೆ 7–1ರಿಂದ ಸೋತಿತು. 2002ರ ಅನಂತರ ಹುಟ್ಟಿ ಆ ಇಪ್ಪತ್ತು ವರ್ಷಗಳಲ್ಲಿ ಬೆಳೆದ ಇಲ್ಲಿನ ಮಕ್ಕಳು ಕಂಡದ್ದು ಸೋಲನ್ನು ಮಾತ್ರ. ಆದರೂ ಹಳದಿ ಅಂಗಿ ಮಾಸಲಿಲ್ಲ. ಗೆಲುವಿನ ಕಥೆ ಅವರಿಗೆ ಹಿರಿಯರ ಬಾಯಿಂದ ಬಂದುದು. ಸೋತ ರಾತ್ರಿಯ ಮೌನ ಮಾತ್ರ ಅವರದೇ ಅನುಭವ. ಸೋತ ಮರುದಿನವೂ ಹಿರಿಯರು ಅದೇ ತಂಡದ ಮಾತನ್ನಾಡುವುದನ್ನು ಕೇಳಿದಾಗ ಮಗುವಿನ ಮೆಚ್ಚುಗೆ ನಿಷ್ಠೆಯಾಗಿ ಬಲಿಯುತ್ತದೆ.

ನಮ್ಮ ನಾಡಿನ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಮೈಸೂರು ತಂಡವು 1968–69ರಲ್ಲಿ ಬೆಂಗಳೂರಿನಲ್ಲಿಯೇ ಬಂಗಾಳವನ್ನು ಸೋಲಿಸಿ ನಾಲ್ಕನೆಯ ಬಾರಿ ಸಂತೋಷ್ ಟ್ರೋಫಿಯನ್ನು ಪಡೆಯಿತು. ಮತ್ತೆ ಅದು ನಮ್ಮ ಕೈಸೇರಿದ್ದು 54 ವರ್ಷಗಳ ಮೇಲೆ, 2023ರ ಮಾರ್ಚಿಯಲ್ಲಿ. ಅದೂ ದೂರದ ರಿಯಾದಿನಲ್ಲಿ, ಮೇಘಾಲಯವನ್ನು 3–2ರಿಂದ ಮಣಿಸಿ. ಅಂದು ಹುಡುಗನಾಗಿ ಹರ್ಷಿಸಿದವನು ಇಂದು ಅಜ್ಜ. ನಡುವಿನ ಅರ್ಧ ಶತಮಾನ ಆಟವನ್ನು ಬದುಕಿಸಿದವರು ಟ್ರೋಫಿ ಎತ್ತಿದವರಷ್ಟೇ ಅಲ್ಲ. ಬಿಡದೆ ನೋಡಿದವರೂ ಹೌದು.

ಪೆಲೆ 2022ರ ಡಿಸೆಂಬರ್ 29ರಂದು ತೀರಿಕೊಂಡರು. ಗೌತಮಪುರದಲ್ಲಿ ಅವರ ಸ್ಥಾನಕ್ಕೆ ಚ್ಯುತಿಯಿಲ್ಲ. ಆದರೆ ಆ ಪ್ರತಿಮೆಯನ್ನು ತೋರಿಸುವ ಹಿರಿಯರು ಮಕ್ಕಳಿಗೆ ಅಹಮದ್ ಖಾನರ, ಅರುಮೈನಾಯಗಂ ಅವರ ಕಥೆಯನ್ನೂ ಹೇಳಲಿ. ದೂರದ ನಾಯಕನು ಕನಸನ್ನು ಕೊಡುತ್ತಾನೆ. ಇದೇ ಊರಿನ ನಾಯಕನು, ಆ ಕನಸಿಗೆ ನಮ್ಮ ಬೀದಿಯಿಂದಲೂ ದಾರಿಯುಂಟೆಂದು ತೋರಿಸುತ್ತಾನೆ. ಆ ದಾರಿಯಲ್ಲಿ ನಡೆಯಲು ಮಕ್ಕಳಿಗೆ ಒಂದು ಚೆಂಡೂ ಒಂದಿಷ್ಟು ಬಯಲೂ ಬೇಕು. ಕಟ್ಟಡಗಳು ದಿನದಿನಕ್ಕೆ ಒತ್ತರಿಸುತ್ತಿರುವ ಈ ನಗರದಲ್ಲಿ ಅಷ್ಟನ್ನಾದರೂ ಉಳಿಸಿಕೊಡುವುದು ಹಿರಿಯರ ಹೊಣೆ.