ತಂಗಳುಪೆಟ್ಟಿಗೆಯ ಲೆಕ್ಕ

ಮನೆಯಲ್ಲಿ ದುಡಿಯುವ ಯಂತ್ರಗಳಲ್ಲಿ ಎರಡು ಬಗೆ: ಗದ್ದಲದಿಂದ ದುಡಿಯುವವು, ಸದ್ದಡಗಿಸಿ ದುಡಿಯುವವು. 500 ವಾಟಿನ ಮಿಕ್ಸಿ ಐದು ನಿಮಿಷ ಆರ್ಭಟಿಸಿ, ಒಂದು ಯೂನಿಟ್ಟಿನ ಇಪ್ಪತ್ತನಾಲ್ಕರಲ್ಲೊಂದು ಪಾಲನ್ನು ತಿಂದು, ಚಟ್ನಿಯನ್ನು ಕೊಟ್ಟು ಸುಮ್ಮನಾಗುತ್ತದೆ. ಅದರ ಮೇಲೆ ಯಾರಿಗೂ ಸಂಶಯವಿಲ್ಲ. ಆದರೆ ಅಡುಗೆಮನೆಯ ಮೂಲೆಯಲ್ಲಿ ನಿಂತು ಹಗಲಿರುಳೂ ಮೆಲ್ಲನೆ ಗುಂಯ್‌ಗುಡುವ ಫ್ರಿಜ್ಜು ಮಾತ್ರ ಸದಾ ಅಪರಾಧಿಯೇ. ಹಾಸ್ಯಪ್ರಿಯರು ಇದಕ್ಕೆ ತಂಗಳುಪೆಟ್ಟಿಗೆಯೆಂದು ಹೆಸರಿಟ್ಟಿದ್ದಾರೆ. ನನಗೂ ಅದೇ ಇಷ್ಟ.

ನಮ್ಮ ಮನೆಯಲ್ಲಿ ಈ ಅಪರಾಧಿಯನ್ನು ವಿಚಾರಣೆಗೆ ಗುರಿಪಡಿಸಿದವರು ನನ್ನ ತಾಯಿ. ಚಿಮಣಿ ದೀಪದ ಕಾಲದಲ್ಲಿ ಎಣ್ಣೆಯನ್ನು ಅಳೆದು ಸುರಿದ ಕೈ ಅವರದು. "ಇಪ್ಪತ್ತನಾಲ್ಕು ಗಂಟೆಯೂ ಉರಿಯುವುದು ಬೇರೆ ಏನುಂಟು ಮಗಾ? ನಂದಾದೀಪಕ್ಕಾದರೂ ಎದುರಿಗೆ ದೇವರಿದ್ದಾನೆ" ಎಂಬುದು ಅವರ ಆಕ್ಷೇಪ. ರಾತ್ರಿ ಒಂಬತ್ತಕ್ಕೆ ಊಟದ ಪಾತ್ರೆಗಳನ್ನು ತೊಳೆದಿಟ್ಟೊಡನೆ ಪ್ಲಗ್ಗನ್ನು ಕಿತ್ತಿಡುವರು. ಬೆಳಗ್ಗೆ ಐದಕ್ಕೆ ಮತ್ತೆ ಸಿಕ್ಕಿಸುವರು. ಹಾಲು, ದೋಸೆಹಿಟ್ಟುಗಳ ಮಾತು ಹಾಗಿರಲಿ. ಅದೇ ಪೆಟ್ಟಿಗೆಯಲ್ಲಿ ಅವರದೇ ಇನ್ಸುಲಿನ್ ಸೀಸೆಗಳಿದ್ದವು. ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಿಸಬೇಕು. ಮದ್ದು ಸತ್ವಗುಂದಿದರೂ ಎಷ್ಟೋ ಸಲ ಕಣ್ಣಿಗೆ ಹಾಗೆಯೇ ಕಾಣುತ್ತದೆ. ಮಿತವ್ಯಯವು ದೇಹಕ್ಕೇ ಮುಳುವಾಗುವ ಪ್ರಸಂಗವಿದು. ಆದರೂ ಹಿರಿಯರ ಜೀವಮಾನದ ಅಭ್ಯಾಸವನ್ನು ಒಂದು ಗದರಿಕೆಯಿಂದ ತಿದ್ದುವುದು ಯುಕ್ತವಲ್ಲ. ಆದುದರಿಂದ ಲೆಕ್ಕಕ್ಕೇ ತೀರ್ಪನ್ನು ಬಿಡೋಣವೆಂದು ನಿಶ್ಚಯಿಸಿದೆ.

ಮೊದಲಿಗೆ ಈ ಪೆಟ್ಟಿಗೆಯ ಧರ್ಮವನ್ನು ತಿಳಿಯಬೇಕು. ಇದು ತಂಪನ್ನು ಉತ್ಪಾದಿಸುವುದಿಲ್ಲ. ಒಳಗಿನ ಶಾಖವನ್ನು ಹೊರಗೆ ಸಾಗಿಸುತ್ತದೆ. ಒಳಗಿನ ಕೊಳವೆಗಳಲ್ಲಿ ದ್ರವವೊಂದು ಆವಿಯಾಗುತ್ತ ಶಾಖವನ್ನು ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ ಹೊರಗಿನ ಕೊಳವೆಗಳಿಗೆ ತಳ್ಳುತ್ತದೆ. ಅಲ್ಲಿ ಅದು ಶಾಖವನ್ನು ಬಿಟ್ಟುಕೊಟ್ಟು ಮರಳಿ ದ್ರವವಾಗುತ್ತದೆ. ನಾವು ಹಣ ತೆರುವುದು ಈ ಸಾಗಾಟದ ಕೂಲಿಗೆ. ಚಂದ್ರಗಿರಿ ಹೊಳೆಯಲ್ಲಿ ಸೋರುವ ದೋಣಿಯೊಂದನ್ನು ಊಹಿಸಿರಿ. ಅಂಬಿಗನು ನೀರನ್ನು ಮೊಗೆದು ಹೊರಗೆ ಚೆಲ್ಲುತ್ತಿರುತ್ತಾನೆ. ಅವನು ಮಲಗಿದರೆ ನೀರು ಮಲಗುವುದಿಲ್ಲ. ಎದ್ದಮೇಲೆ ರಾತ್ರಿಯ ನೀರನ್ನೆಲ್ಲ ಅವನೇ ಮೊಗೆಯಬೇಕು. ದೋಣಿ ತುಂಬುತ್ತ ಬಂದಂತೆ ಸೋರಿಕೆ ಸ್ವಲ್ಪ ತಗ್ಗುವುದು ನಿಜ. ಅಷ್ಟರಮಟ್ಟಿಗೆ ಶ್ರಮ ಉಳಿಯಿತೆನ್ನಬಹುದು. ಆದರೆ ದೋಣಿಯಲ್ಲಿದ್ದ ಸಾಮಾನು ಅಷ್ಟರಲ್ಲಿ ನೆನೆದಿರುತ್ತದೆ!

ಇನ್ನು ಅಂಕಿಗಳಿಗೆ ಬರೋಣ. ಸಾವಿರ ವಾಟಿನ ಉಪಕರಣವು ಒಂದು ಗಂಟೆ ದುಡಿದರೆ ಒಂದು ಯೂನಿಟ್ಟು. ನಮ್ಮ ಪೆಟ್ಟಿಗೆ ಓಡುವಾಗ ಎಳೆಯುವುದು ಸುಮಾರು 100 ವಾಟ್. ಇದನ್ನು 24ರಿಂದ ಗುಣಿಸಿ ದಿನಕ್ಕೆ 2.4 ಯೂನಿಟ್ಟೆಂದು ಉತ್ತರ ಬರೆಯುವ ವಿದ್ಯಾರ್ಥಿಗೆ ಗುಣಾಕಾರಕ್ಕೆ ಪೂರ್ಣಾಂಕ ಕೊಡಬಹುದು, ಉತ್ತರಕ್ಕೆ ಕೊಡಲಾಗದು. ಏಕೆಂದರೆ ಒಳಗೆ ಬೇಕಾದಷ್ಟು ತಂಪಾದೊಡನೆ ಕಂಪ್ರೆಸರು ತಾನಾಗಿ ನಿಂತು, ಬಿಸಿಯೇರಿದಾಗ ಮತ್ತೆ ಹೊರಡುತ್ತದೆ. ಇದನ್ನು ಗೋಡೆಯ ಮೀಟರಿನಲ್ಲಿಯೇ ಕಾಣಬಹುದು. ನಮ್ಮ ಮೀಟರಿನ ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್ಟು. ಬೇರೆಲ್ಲ ಸ್ವಿಚ್ಚುಗಳನ್ನು ಆರಿಸಿ ನೋಡಿದಾಗ, ಪೆಟ್ಟಿಗೆ ಓಡುವಷ್ಟು ಹೊತ್ತು ದೀಪವು ಹನ್ನೊಂದು ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಕಂಪ್ರೆಸರು ನಿಂತೊಡನೆ ದೀಪವೂ ಸುಮ್ಮನಾಯಿತು. ತಾಯಿಯವರು ಕುರ್ಚಿಯೆಳೆದು ಕುಳಿತು, ಜಪಸರ ಎಣಿಸುವ ಶ್ರದ್ಧೆಯಿಂದ ಎಣಿಸಿದರು.

ಬಳಿಕ ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಮೀಟರೊಂದನ್ನು ಮಿತ್ರರಿಂದ ಎರವಲು ತಂದೆ. ಏಪ್ರಿಲ್ ತಿಂಗಳ ಸೆಕೆ. ಮೂರು ದಿನ ಪೆಟ್ಟಿಗೆಯನ್ನು ಎಡೆಬಿಡದೆ ನಡೆಸಿದಾಗ 2.4 ಯೂನಿಟ್ಟು ಖರ್ಚಾಯಿತು. ಇನ್ಸುಲಿನನ್ನು ನೆರೆಮನೆಯಲ್ಲಿರಿಸಿ, ಮುಂದಿನ ಮೂರು ದಿನ ತಾಯಿಯವರ ಕ್ರಮದಂತೆ ರಾತ್ರಿ ನಿಲ್ಲಿಸಿದಾಗ 2.2. ಅಂದರೆ ತಿಂಗಳಿಗೆ ಎರಡು ಯೂನಿಟ್ಟಿನ ಉಳಿತಾಯ. ಯೂನಿಟ್ಟಿಗೆ ಏಳು ರೂಪಾಯಿಯೆಂದು ಹಿಡಿದರೂ ಹದಿನಾಲ್ಕು ರೂಪಾಯಿ. "ದಿನಕ್ಕೆ ಅರ್ಧ ರೂಪಾಯಿಯೂ ಇಲ್ಲವೋ?" ಎಂದು ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದರು. ಆ ಮೌನದಲ್ಲಿ ಸೋಲಿಗಿಂತ ಹೆಚ್ಚಾಗಿ ದುಃಖವಿತ್ತು. ಮನೆಗಾಗಿ ತಾನು ಏನನ್ನೋ ಉಳಿಸುತ್ತಿರುವೆನೆಂಬ ತೃಪ್ತಿಯನ್ನು ವೃದ್ಧಾಪ್ಯದಲ್ಲಿ ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ.

ಹಾಗಾಗಿ ಅವರ ಮಿತವ್ಯಯಕ್ಕೆ ಬೇರೊಂದು ದಾರಿಯನ್ನು ಹುಡುಕಬೇಕಾಯಿತು. ಮನೆ ಕಟ್ಟಿದವರು ಪ್ಲಗ್ಗನ್ನು ಒಲೆಯ ಮಗ್ಗುಲಲ್ಲಿಯೇ ಇರಿಸಿದ್ದರಿಂದ ಪೆಟ್ಟಿಗೆ ಅಲ್ಲಿಯೇ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಹೊರಚೆಲ್ಲಿದ ಶಾಖಕ್ಕೆ ಹೋಗಲು ಎಡೆಯಿಲ್ಲ. ಮೇಲಿಂದ ಒಲೆಯ ಬಿಸಿ ಬೇರೆ. ಎದುರು ಗೋಡೆಗೆ ಹೊಸ ಪ್ಲಗ್ಗು ಹಾಕಿಸಿ, ಹಿಂದೆ ಗೇಣು ಜಾಗ ಬಿಟ್ಟು ನಿಲ್ಲಿಸಿದೆವು. ಸಾರು ಆರಿದ ಮೇಲೆಯೇ ಒಳಗಿಡುವುದು, ಬಾಗಿಲಿನ ರಬ್ಬರು ಬಿರುಕು ಬಿಟ್ಟಿದೆಯೇ ಎಂದು ನೋಡುವುದು, ಮಂಜುಗಡ್ಡೆ ದಪ್ಪನಾಗಿ ಕಟ್ಟುವ ಮೊದಲೇ ಕರಗಿಸುವುದು, ಇವುಗಳ ಆಡಳಿತವನ್ನೆಲ್ಲ ತಾಯಿಯವರು ವಹಿಸಿಕೊಂಡರು. ಮೂರು ದಿನದ ಖರ್ಚು 2.0ಕ್ಕೆ ಇಳಿಯಿತು! ಪ್ಲಗ್ಗು ಕಿತ್ತು ಉಳಿಸಿದ್ದರ ಇಮ್ಮಡಿ. ಮಳೆಗಾಲದಲ್ಲಿ ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ನಿಲ್ಲುತ್ತದೆಂದು ತಿಳಿದ ಮೇಲೆ, ಮಕ್ಕಳು ಆಗ ಬಾಗಿಲ ಬಳಿ ಸುಳಿಯುವಂತಿಲ್ಲ.

ಹೊಸದನ್ನು ಕೊಳ್ಳುವವರಿಗೊಂದು ಮಾತು. 2006ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ನಕ್ಷತ್ರ ಚೀಟಿಯ ಮೇಲೆ ವರ್ಷಕ್ಕೆ ತಗಲುವ ಯೂನಿಟ್ಟುಗಳನ್ನೂ ಮುದ್ರಿಸಿರುತ್ತಾರೆ. ನಕ್ಷತ್ರದ ನಿಯಮಗಳು ಕಾಲಕಾಲಕ್ಕೆ ಬಿಗಿಯಾಗುವುದರಿಂದ ಹಳೆಯ ಐದು ನಕ್ಷತ್ರಕ್ಕೂ ಹೊಸ ಐದಕ್ಕೂ ಸಮಾನತೆಯಿಲ್ಲ. ಆದುದರಿಂದ ಯೂನಿಟ್ಟನ್ನೇ ಓದಿ 365ರಿಂದ ಭಾಗಿಸಿರಿ. ಕೇರಳದಲ್ಲಿ ಗೃಹಬಳಕೆಯ ದರವು ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ತಿಂಗಳಿಗೆ 250 ಯೂನಿಟ್ಟನ್ನು ಮೀರಿದರೆ ಮೊದಲ ಯೂನಿಟ್ಟಿನಿಂದಲೇ ಮೇಲಿನ ದರ. ಅಂಚಿನಲ್ಲಿರುವ ಮನೆಗೆ ನಾಲ್ಕು ಯೂನಿಟ್ಟೂ ಅಲ್ಪವಲ್ಲ.

ಅಧ್ಯಾಪಕ ಬಂಧುಗಳೇ, ದಶಮಾಂಶ, ಸರಾಸರಿ, ಗುಣಾಕಾರ, ಭಾಗಾಕಾರ ಎಲ್ಲವೂ ಈ ಒಂದು ಪೆಟ್ಟಿಗೆಯೊಳಗಿವೆ. ಮಕ್ಕಳು ಮನೆಯ ಬಿಲ್ಲನ್ನು ತರಗತಿಗೆ ತರಲಿ. ಬಿಲ್ಲಿನ ಮಾತು ಯಾವ ಭಾಷೆಯದಾದರೂ ಆಗಿರಲಿ, ಅಂಕಿಗಳಿಗೆ ಗಡಿಯಿಲ್ಲ. ಅಳೆಯದೆ ಉಳಿಸಹೊರಟವನು ಅರ್ಧ ರೂಪಾಯಿಗಾಗಿ ಮದ್ದನ್ನು ಕೆಡಿಸಿಯಾನು. ಅಳೆದು ನೋಡಿದವನಿಗೆ ಉಳಿಸಬೇಕಾದುದು ಎಲ್ಲಿದೆಯೆಂದು ಕಾಣುತ್ತದೆ. ಇಷ್ಟನ್ನು ಕಲಿಸಿದರೆ ಗಣಿತದ ಋಣ ತೀರಿತು.