ಆರು ಸುತ್ತಿನ ಮೋಟಾರು

ರಿಮೋಟ್ ವಿಮಾನಕ್ಕೆ ಮೋಟಾರು ಕೊಳ್ಳುವಾಗ ನಾನು ನೋಡಿದ್ದು ಒಂದೇ: ಯಾವುದರ ಮೇಲೆ ದೊಡ್ಡ ಸಂಖ್ಯೆ ಇದೆ? ಒಂದು 1000 ಕೆವಿ, ಇನ್ನೊಂದು 2200 ಕೆವಿ. ಗಾತ್ರ ಒಂದೇ, ಬೆಲೆಯೂ ಹೆಚ್ಚುಕಡಿಮೆ ಒಂದೇ. 2200 ತರಿಸಿದೆ. ಕೂಡಿಟ್ಟಿದ್ದ ಎರಡು ಹಬ್ಬಗಳ ಈದಿ ಅದಕ್ಕೂ ಬ್ಯಾಟರಿಗೂ ಹೋಯಿತು.

ಥರ್ಮೊಕೋಲಿನ ವಿಮಾನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 780 ಗ್ರಾಂ ತೂಗಿತು. 10 ಇಂಚಿನ ಪ್ರೊಪೆಲ್ಲರ್ ಹಾಕಿ ಮಾಳಿಗೆಯ ಮೇಲೆ ಥ್ರಾಟಲ್ ಏರಿಸಿದೆ. ಅರ್ಧ ನಿಮಿಷದಲ್ಲಿ ಹೊಗೆ. "ವೈಂಡಿಂಗ್ ಸುಟ್ಟಿತು" ಎಂದು ಅಬ್ಬಾ ಕೆಳಗಿನಿಂದಲೇ ಕೂಗಿದರು. ವಾಸನೆಯೇ ಅವರಿಗೆ ಸಾಕು.

ಹೊಸಪೇಟೆಯಲ್ಲಿ ಅಬ್ಬಾರದು ಮೋಟಾರ್ ರಿವೈಂಡಿಂಗ್ ಅಂಗಡಿ. ಕಂಪ್ಲಿ ಕಡೆಯ ರೈತರ ಪಂಪುಗಳು ಬರುತ್ತವೆ. ಗೆಳೆಯರು ಕೇಳಿದರೆ ನಾನು "ಎಲೆಕ್ಟ್ರಿಕಲ್ ಬಿಸಿನೆಸ್" ಎನ್ನುತ್ತಿದ್ದೆ. ಆ ರಾತ್ರಿ ಅವರು ನನ್ನ ಮೋಟಾರು ಬಿಚ್ಚಿ, ಒಂದು ಹಲ್ಲಿನಿಂದ ಕರಕಲಾದ ತಂತಿ ಬಿಡಿಸುತ್ತಾ ಎಣಿಸಿದರು. ಆರು ಸುತ್ತು.

"ಸುತ್ತು ಕಡಿಮೆಯಾದರೆ ಓಟ ಜಾಸ್ತಿ. ಅದಕ್ಕೆ ಇಷ್ಟು ದೊಡ್ಡ ಫ್ಯಾನ್ ಕಟ್ಟಿದರೆ ಕರೆಂಟು ಎಳೆಯದೆ ಇನ್ನೇನು ಮಾಡೀತು ಬೇಟಾ?"

ಕೆವಿ ಎಂದರೆ ಶಕ್ತಿಯಲ್ಲ, ಕಿಲೋವೋಲ್ಟೂ ಅಲ್ಲ. ಹೊರೆ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಬಾರಿ ತಿರುಗುತ್ತದೆ ಎಂಬ ಲೆಕ್ಕ. ನನ್ನ 11.1 ವೋಲ್ಟ್ ಬ್ಯಾಟರಿಗೆ 1000 ಕೆವಿ ಎಂದರೆ 11,100. 2200 ಎಂದರೆ 24,420. ಅದೇ ಪ್ರೊಪೆಲ್ಲರನ್ನು ದುಪ್ಪಟ್ಟು ವೇಗದಲ್ಲಿ ತಿರುಗಿಸಲು ಎಂಟು ಪಟ್ಟು ಪವರ್ ಬೇಕು. ಪುಟ್ಟ ಮೋಟಾರು ಆ ವೇಗ ಮುಟ್ಟುವುದಿಲ್ಲ. ವೇಗ ಏರದೆ ಬ್ಯಾಕ್ ಇಎಂಎಫ್ ಏರುವುದಿಲ್ಲ. ಕರೆಂಟು ನುಗ್ಗಿ ತಂತಿ ಬೇಯುತ್ತದೆ. (ಬ್ಯಾಕ್ ಇಎಂಎಫ್ ಪ್ರಶ್ನೆಗೆ ಟೆಸ್ಟಿನಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು.) 2200ಕ್ಕೆ 6 ಇಂಚಿನ ಪ್ರೊಪೆಲ್ಲರೇ ಸರಿ, ವೇಗದ ಸಣ್ಣ ವಿಮಾನಕ್ಕೆ. ನನ್ನಂಥ ಕಲಿಯುವವನ ನಿಧಾನದ ವಿಮಾನಕ್ಕೆ ಬೇಕಿದ್ದದ್ದು 1000. ಅದರ ಹಲ್ಲಿಗೆ 13 ಸುತ್ತು.

ಅದರ ಹಣಕ್ಕಾಗಿ ಎರಡು ತಿಂಗಳು ಸಂಜೆ ಅಂಗಡಿಯಲ್ಲಿ ಕೂತು ಸುಟ್ಟ ತಂತಿ ಕಿತ್ತೆ.

ಹಾರಿಸುವುದೆಲ್ಲಿ? ಹಂಪಿಯ ಸ್ಮಾರಕಗಳ ಹತ್ತಿರ, ಅಣೆಕಟ್ಟಿನ ಹತ್ತಿರ ಆ ಮಾತೇ ಬೇಡ. ಸಂಡೂರು ತಾಲೂಕಿನ ತೋರಣಗಲ್ಲಿನಲ್ಲಿ ನಿಜವಾದ ವಿಮಾನ ನಿಲ್ದಾಣವೇ ಇದೆ. ಕೊನೆಗೆ ಕಂಪ್ಲಿಯಲ್ಲಿ ಮಾಮುವಿನ ಕೊಯ್ದ ಭತ್ತದ ಗದ್ದೆಗೆ ಹೋದೆವು.

ನಾಲ್ಕು ನಿಮಿಷ ಹಾರಿತು. ಇಳಿಯುವಾಗ ಕೂಳೆಗೆ ತಗುಲಿ ರೆಕ್ಕೆ ಸೀಳಿತು. ನಾನು ರೆಕ್ಕೆ ಹಿಡಿದು ನಿಂತಿದ್ದೆ. ಅಬ್ಬಾ ಮಾತ್ರ ಮೋಟಾರಿಗೆ ಬೆರಳು ಮುಟ್ಟಿಸಿ ನೋಡಿ, "ಬೆಚ್ಚಗಿದೆ, ಅಷ್ಟೇ" ಎಂದರು.